ಹಲ್ಲಿಗೆ ಕೇಳಿಸಿದ್ದು

ಎಟಿವಿ ಎಂಬ ದಪ್ಪ ಟೈರಿನ ನಾಲ್ಕು ಚಕ್ರದ ಬೈಕೊಂದು ಪೆಟ್ರೋಲ್ ಸೋರುತ್ತಿದೆಯೆಂದು ಅಪ್ಪನ ಗ್ಯಾರೇಜಿಗೆ ಬಂದಿತ್ತು. ಅದರ ಕಾರ್ಬುರೇಟರಿನಲ್ಲಿ ಪೆಟ್ರೋಲಿನ ಮೇಲೆ ತೇಲುವ ಹಿತ್ತಾಳೆಯ ಫ್ಲೋಟನ್ನು ಅಪ್ಪ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಪಕ್ಕದಲ್ಲಿದ್ದ ಮಗಳಿಗೆ ಕುಳುಕುಳು ಸದ್ದು ಕೇಳಿಸಿತು. ಫ್ಲೋಟು ತೂತಾಗಿ, ಪೆಟ್ರೋಲ್ ಒಳಹೊಕ್ಕು ಮುಳುಗುತ್ತಿದೆ. ಸೋರಿಕೆಗೆ ಅದೇ ಕಾರಣ. ಅಪ್ಪನಿಗೆ ಮಾತ್ರ ಏನೂ ಕೇಳಿಸಿದಂತಿರಲಿಲ್ಲ. ಕಿವಿ ಇಷ್ಟು ಮಂದವಾದ ಮೇಲೆ ಗ್ಯಾರೇಜು ಸಾಕು ಮಾಡಿ ಎನ್ನಲು ಇದೇ ಸಮಯವೆಂದು ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ಅಪ್ಪ ಫ್ಲೋಟನ್ನು ಬಟ್ಟೆಯಲ್ಲಿ ಒರೆಸಿ, ಮುಂದಿನ ಹಲ್ಲುಗಳಲ್ಲಿ ಮೆಲ್ಲನೆ ಕಚ್ಚಿ, ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದರು. ಮುಖ ಅರಳಿತು.

"ಕಳ್ಳ ಸಿಕ್ಕಿಬಿದ್ದ ಕಣಮ್ಮ! ಹೊಟ್ಟೆ ತುಂಬಾ ಕುಡಿದಿದಾನೆ."

"ಹಲ್ಲಿಗೆ ಗೊತ್ತಾಗುತ್ತಾ ಅಪ್ಪಾ?" ಅವಳು ಕೂಗಿ ಕೇಳಿದಳು.

"ಕಿವಿ ಕೈಕೊಟ್ಟಾಗಿಂದ ಎಲ್ಲಾ ಅದೇ ಹೇಳ್ತಿರೋದು."

ಎರಡು ಕಿವಿಯೂ ಚುರುಕಾಗಿದ್ದ ಮಗಳು ಫ್ಲೋಟನ್ನು ಇಸಿದುಕೊಂಡು, ತಾನೂ ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದಳು.