ಕುಂಕುಮ ಇಟ್ಟ ಎಕ್ಕ

ನೀರಿನಲ್ಲಿ ಅದ್ದಿದ ಬ್ರಷ್ ಹಾಳೆ ಮುಟ್ಟುವಷ್ಟರಲ್ಲೇ ಒಣಗುತ್ತಿತ್ತು. ಕಬ್ಬಾಳು ಬೆಟ್ಟದ ಕಡೆಯಿಂದ ಬೆಂಕಿಯಂಥ ಗಾಳಿ ಬೀಸುತ್ತಿದ್ದರೂ ಅಮೂಲ್ಯ ಬದುವಿನ ಮೇಲೆ ಕೂತು, ಎಕ್ಕದ ಹೂವಿನ ಮಾಸಲು ನೇರಳೆಗಾಗಿ ಬಣ್ಣ ಬೆರೆಸುತ್ತಲೇ ಇದ್ದಳು. ನಾಡಿದ್ದು ಅವಳ ಮದುವೆ. ಗಂಡನ ಮನೆಗೆ ಒಯ್ಯಲೆಂದು ಹೊಲದ ಕಾಡುಹೂಗಳನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ತುಂಬೆ, ತಂಗಡಿ ಮುಗಿದು ಇದೊಂದು ಉಳಿದಿತ್ತು.

ಅರಿಶಿನ ಕುಂಕುಮದ ಬಟ್ಟಲು ಹಿಡಿದು ಅವ್ವ ಮಾರಮ್ಮ ಬಂದಳು. "ಒಸಿ ಆ ಕಡೀಕೆ ಜರುಗು ಮಗ, ಗಿಡಕ್ಕೆ ಗುರುತು ಇಟ್ಟೋಗ್ತೀನಿ. ನಾಳೆ ಗಂಡಿನೋರು ಬಂದು ಗಂಡಿನ ಕೈಲಿ ಇದಕ್ಕೆ ತಾಳಿ ಕಟ್ಸಿ ಕಡಿದಾಕ್ತಾರಂತೆ. ಅದೇನೋ ದೋಸ ಕಳೀತದಂತೆ."

ಅಮೂಲ್ಯಳ ಕೈ ನಿಂತಿತು. "ನಮ್ಮೂರ ಲಕ್ಷ್ಮಯ್ಯ ತಾತಂಗೂ ಹಿಂಗೇ ಎಕ್ಕದ ಗಿಡದ ಜೊತೆ ಮದ್ವೆ ಮಾಡಿದ್ರಲ್ವಾ ಅವ್ವ? ಇಬ್ರು ಹೆಂಡ್ತೀರು ಸತ್ತೋಗಿದ್ರು. ಮೂರನೇ ತಾಳಿ ಗಿಡಕ್ಕೆ ಕಟ್ಬುಟ್ರೆ ಸಾವು ಅದಕ್ಕೇ ಹೋಯ್ತದೆ, ಆಮೇಲೆ ಬರೋಳು ಉಳ್ಕೋತಾಳೆ ಅಂತ."

ಮಾರಮ್ಮ ಬಟ್ಟಲಿಗೆ ಬೆರಳು ಅದ್ದಿದಳು.

"ಈ ಗಂಡಿಗೆ ಒಬ್ಳೇ ಹೆಂಡ್ತಿ ಸತ್ತಿರೋದು ಅಂತ ತಾನೇ ನೀವು ನಂಗೆ ಹೇಳಿದ್ದು?"

"ಒಳ್ಳೆ ಮನೆ ಕಣವ್ವ..." ಎಂದ ಮಾರಮ್ಮ ಕುಂಕುಮದ ಬೆರಳನ್ನು ಎಕ್ಕದ ಕಾಂಡಕ್ಕೆ ಒತ್ತಿದಳು. ಒಂದಿಷ್ಟು ಕುಂಕುಮ ಅರ್ಧ ಮುಗಿದ ಚಿತ್ರದ ಮೇಲೆ ಉದುರಿತು.

ಅಮೂಲ್ಯ ಅದನ್ನು ಒರೆಸಲಿಲ್ಲ. ಬ್ರಷ್ ಕೆಳಗಿಟ್ಟು ಎದ್ದು ಬಂದು, ಅವ್ವನ ಮುಂದೆ ಹಣೆಯೊಡ್ಡಿ ನಿಂತಳು.

"ಗುರುತಿಗೆ ನಂಗೂ ಇಟ್ಬುಡು."