ಒಂದು ಟೈರೂ ಇಲ್ಲ

"ಇನ್ನೂ ಹೊಗೆ ಬತ್ತಾನೇ ಅದೆ ಕಣವ್ವಾ. ನೀನೇ ಬಂದು ನೋಡು" ಎಂದು ಮಾಯಮ್ಮ ಫೋನ್ ಇಟ್ಟಾಗ ಶಾಸಕಿ ಶಶಿರೇಖಾ ಮದ್ದೂರಿನ ಸನ್ಮಾನವನ್ನು ಅರ್ಧಕ್ಕೇ ಬಿಟ್ಟು, ಹಾರವನ್ನು ಕಾರಿನ ಸೀಟಿಗೆ ಎಸೆದು ಭಾರತೀನಗರದ ದಾರಿ ಹಿಡಿದರು. ಬೆಲ್ಲ ಕಾಯಿಸುವ ಆಲೆಮನೆಗಳ ಒಲೆಯಲ್ಲಿ ಹಳೆ ಟೈರು ಸುಡಬಾರದೆಂಬ ಕಾನೂನಿಗಾಗಿ ಅವರು ಮೂರು ಅವಧಿ ಸದನದಲ್ಲಿ ಗಂಟಲು ಹರಿದುಕೊಂಡಿದ್ದರು. 'ಗಾಳಿ ಮೇಡಂ' ಎಂದು ಸ್ವಂತ ಪಕ್ಷದವರೇ ನಕ್ಕಿದ್ದರು. ಅಂತೂ ಕಳೆದ ತಿಂಗಳು ಕಾನೂನು ಆಗಿತ್ತು.

ಆಲೆಮನೆಯ ಚಿಮಣಿಯಿಂದ ಕಡುಗಪ್ಪು ಹೊಗೆ ಏಳುತ್ತಿತ್ತು. ಹಿಂದಿನ ಮನೆಯ ಮಾಯಮ್ಮ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದಳು. ಮಗುವಿನ ಎದೆ ಗೊರಗೊರ ಎನ್ನುತ್ತಿತ್ತು. ಇದೇ ಮಗುವಿನ ತಲೆ ಸವರಿ ಶಶಿರೇಖಾ, ಇನ್ನು ಹೊಗೆ ಇರುವುದಿಲ್ಲ ಎಂದು ಮಾತು ಕೊಟ್ಟಿದ್ದರು.

ಆಲೆಮನೆಯ ಮಾಲೀಕ ಪುಟ್ಟರಾಜು ಶಶಿರೇಖಾರದೇ ಪಕ್ಷದ ಬೂತ್ ಏಜೆಂಟ್. ಬೆವರು ಒರೆಸಿಕೊಳ್ಳುತ್ತಾ ಓಡಿಬಂದ.

"ಮತ್ತೆ ಟೈರು ಹಾಕಿದ್ದೀಯೇನಯ್ಯಾ?"

"ನಮ್ಮವ್ವನಾಣೆಗೂ ಇಲ್ಲ ಕಣಕ್ಕಾ! ಕಾನೂನು ಬಂದ ದಿವ್ಸದಿಂದ ಒಂದು ಟೈರೂ ಮುಟ್ಟಿಲ್ಲ."

"ಮತ್ತೆ ಈ ಹೊಗೆ ಎಲ್ಲಿಂದ ಬಂತು? ನನ್ನ ಹೊಟ್ಟೆ ಉರಿಸಬೇಡ, ಏನು ಹಾಕಿದ್ದೀಯ ಹೇಳು."

"ಕಬ್ಬಿನ ಸಿಪ್ಪೆ ಮಳೇಲಿ ನೆಂದೋಗಿ ಉರೀತಿಲ್ಲ. ಅದ್ಕೇ ಒಸಿ... ರೋಡಲ್ಲಿ ಇದ್ದಿದ್ನ ಕಿತ್ಕೊಂಡ್ ಬಂದೆ. ಕಾನೂನಲ್ಲಿ ಟೈರು ಅಂತ ಅದೆ, ಇದ್ರ ಯೆಸ್ರಿಲ್ವಲ್ಲಕ್ಕಾ."

ಶಶಿರೇಖಾ ಸೆರಗು ಸಿಕ್ಕಿಸಿಕೊಂಡು ಒಲೆಯ ಬಾಯಿಯ ಕಡೆ ನಡೆದರು. ಅಲ್ಲಿ ಫ್ಲೆಕ್ಸುಗಳ ರಾಶಿ ಬಿದ್ದಿತ್ತು. ಎಲ್ಲದರ ಮೇಲೂ ಅವರೇ ಕೈಮುಗಿದು ನಗುತ್ತಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ, 'ಶುದ್ಧ ಗಾಳಿಯ ಕಾನೂನು ತಂದ ಅಕ್ಕನಿಗೆ ಅಭಿನಂದನೆ.' ಮದ್ದೂರಿನಿಂದ ಮಳವಳ್ಳಿಯವರೆಗೆ ಕಂಬಕ್ಕೊಂದರಂತೆ ಇವನ್ನು ಕಟ್ಟಿದಾಗ ಅವರು ಬೇಡ ಎಂದಿರಲಿಲ್ಲ. ನಿಜ ಹೇಳಬೇಕೆಂದರೆ, ಖುಷಿಯೇ ಆಗಿತ್ತು.

"ಎಲ್ಲಾ ಆಚೆಗೆ ಎಳೆಸು. ಈಗಲೇ!" ಎಂದು ಕಿರುಚಿದರು.

"ಎಳೆಸ್ತೀನಿ ಬುಡಿ. ಆದ್ರೆ ಎಲ್ಲಿಗಕ್ಕಾ ಆಕೋದು? ಬಾನ್ವಾರ ನಿಮ್ ಉಟ್ಟಿದಬ್ಬ. ಉಡುಗ್ರು ಇದ್ಕಿಂತ ದೊಡ್ಡ ಪ್ಲೆಕ್ಸ್ ಮಾಡ್ಸವ್ರೆ."

ಮಾಯಮ್ಮ ಹತ್ತಿರ ಬಂದು, ಒಲೆಯೊಳಗೆ ಸುರುಟಿಕೊಳ್ಳುತ್ತಿದ್ದ ನಗುಮುಖವನ್ನು ನೋಡಿದಳು. ಮೊಮ್ಮಗಳ ಮೂಗಿಗೆ ಸೆರಗು ಒತ್ತಿ ಹಿಡಿದು ಹೇಳಿದಳು:

"ಈ ವರ್ಸ ಉಟ್ಟಿದಬ್ಬ ಬ್ಯಾಡ ಅನ್ನು ಕಣವ್ವಾ."