ಎದೆನೋವಿನ ಕೇಸು

"ಅಂಗಿ ಬಿಚ್ಚರಿ," ಎಂದ ಶುಭಮ್.

ಮಂಚದ ಮೇಲೆ ಕೂತಿದ್ದ ಘೋಡಗೇರಿಯ ಮಾಳಪ್ಪ ಪಕ್ಕದಲ್ಲಿ ನಿಂತಿದ್ದ ಹೆಂಡತಿ ಶೆಟ್ಟೆವ್ವನ ಮುಖ ನೋಡಿದ. ಡಾಕ್ಟರೇ ಹೇಳಿದ ಮೇಲೆ ಇನ್ನೇನು? ಗುಂಡಿ ಬಿಚ್ಚಿದ.

ನಿಜ ಹೇಳಬೇಕೆಂದರೆ ಶುಭಮ್ ಇನ್ನೂ ಡಾಕ್ಟರ್ ಆಗಿರಲಿಲ್ಲ. ಜಾರ್ಜಿಯಾದಲ್ಲಿ ಓದಿ ಬಂದವನು ಇಲ್ಲಿ ರೋಗಿಯ ನಾಡಿ ಹಿಡಿಯಬೇಕಾದರೆ ಈ ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕು. ಹಿಂದೆಲ್ಲ ಡುಮ್ಕಿ ಹೊಡೆದಿದ್ದ. ಇದೇ ಕೊನೆಯ ಅವಕಾಶ. ಹತ್ತರಗಿಯ ಹೆದ್ದಾರಿ ಬದಿಯಲ್ಲಿ ಖಾನಾವಳಿ ನಡೆಸುವ ಅಪ್ಪ ಉದ್ದಪ್ಪನಿಗೆ ಮಾತ್ರ ಕಾಯುವ ತಾಳ್ಮೆ ಇರಲಿಲ್ಲ. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದ್ದ. 'ಡಾ. ಶುಭಮ್, ಹೃದಯ ತಜ್ಞ' ಎಂಬ ಬೋರ್ಡು ಖಾನಾವಳಿಯ ನೆತ್ತಿಗೆ ಆಗಲೇ ಏರಿತ್ತು. ಈ ಸಲವೂ ಫೇಲಾದರೆ ತಜ್ಞರು ಅದರ ಕೆಳಗೇ ರೊಟ್ಟಿ ಬಡಿಸಬೇಕು.

ಪರೀಕ್ಷೆ ನಡೆಯುತ್ತಿದ್ದ ಗೋಕಾಕದ ಆಸ್ಪತ್ರೆಯ ವಾರ್ಡಿನಲ್ಲಿ ಅವನು ಎಲ್ಲವನ್ನೂ ತಾಲೀಮಿನಂತೆಯೇ ಮಾಡಿದ್ದ. ಬಾಗಿಲು ಬಡಿದ. ಕೈ ತೊಳೆದ. ಕೋಚಿಂಗ್ ಕ್ಲಾಸಿನ ಕನ್ನಡಿಯ ಮುಂದೆ ಕಲಿತ ನಗು ನಕ್ಕ. "ನಾ ಡಾಕ್ಟರ್ ಶುಭಮ್" ಎಂದ. ಕೊಟ್ಟಿದ್ದ ಚೀಟಿಯಲ್ಲಿ 'ಎದೆನೋವು' ಎಂದಷ್ಟೇ ಇತ್ತು. ಅಷ್ಟು ಸಾಕಲ್ಲ, ಮತ್ತೇನು ಬೇಕು?

ಮೂಲೆಯಲ್ಲಿ ಪರೀಕ್ಷಕಿ ಡಾ. ದಾಕ್ಷಾಯಿಣಿ ಕೂತಿದ್ದರು. ನಡುವೆ ಬಾಯಿ ಹಾಕುವಂತಿಲ್ಲ ಎಂಬ ನಿಯಮ. ಪಾಪ, ಅವರ ಹುಬ್ಬು ಮಾತ್ರ ಮೇಲೇರಿತ್ತು.

"ನೋವು ಎಲ್ಲೈತ್ರಿ?"

ಮಾಳಪ್ಪ ಎದೆಯ ಎಡಭಾಗ ಮುಟ್ಟಿ ತೋರಿಸಿದ.

"ಕೈಗೂ ಇಳೀತೈತೇನ್ರಿ?"

"ಹೂನ್ರಿ ಸಾಹೇಬ್ರ."

"ಸಾಹೇಬ್ರ, ನಂದೊಂದ್ ಮಾತ..." ಶೆಟ್ಟೆವ್ವ ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡಳು.

ಶುಭಮ್‌ಗೆ ರೇಗಿತು. ಎಲ್ಲ ಸರಿಯಾಗಿ ನಡೆದಿರುವಾಗ ಈಕೆಯದೊಂದು ಅಡ್ಡಬಾಯಿ! "ಅಕ್ಕಾರ, ಹೊರಗ ಕುಂದರ್ರಿ. ನಾ ಇವರನ್ನ ನೋಡಾಕತ್ತೇನಿ."

ಆಕೆ ಗೋಡೆ ಹಿಡಿದು ಹೊರನಡೆದಳು. ರೋಗಿಯ ಕಡೆಯವರನ್ನು ಇಷ್ಟು ನಯವಾಗಿ ಸಾಗಹಾಕಿದ್ದಕ್ಕೆ ಒಂದು ಅಂಕವಾದರೂ ಬರಬೇಕು ಎಂದುಕೊಂಡ.

ಸ್ಟೆತಸ್ಕೋಪ್ ಇಟ್ಟ. ಕಬ್ಬಿನ ಹೊರೆ ಹೊತ್ತು ಗಟ್ಟಿಯಾದ ಎದೆ. ಒಳಗೆ ಲಬ್‌ಡಬ್ ಬಿಟ್ಟರೆ ಏನೂ ಇಲ್ಲ. ಶುಭಮ್‌ಗೆ ಭಯವಾಯಿತು. ಪರೀಕ್ಷೆಗೆಂದು ಯಾರಾದರೂ ಗಟ್ಟಿಮುಟ್ಟಾದವನನ್ನು ಕರೆತಂದಾರೆಯೇ? ಇನ್ನೊಮ್ಮೆ ಕೇಳಿದ. ಬೇಕೇ ಬೇಕು ಎಂದವನಿಗೆ ಏನು ತಾನೆ ಕೇಳಿಸದು? ಕೇಳಿಸಿಯೇಬಿಟ್ಟಿತು.

"ಮೇಡಮ್, ಹೃದಯದ ಕವಾಟ ಸೋರುತ್ತಿದೆ. ಗಂಭೀರ ಪ್ರಕರಣ."

"ಖಾತ್ರಿ ಏನು?" ಮೊದಲ ಬಾರಿ ದಾಕ್ಷಾಯಿಣಿ ಬಾಯಿ ತೆರೆದರು.

"ನೂರಕ್ಕೆ ನೂರು ಮೇಡಮ್."

ಮಾಳಪ್ಪ ಮಂಚದಿಂದ ಜಿಗಿದ. "ಯಪ್ಪಾ, ನನಗೂ ಬಂತೇನ್ರಿ? ಗಂಡ ನಿಂತಾಗ ಹೇಣ್ತಿ ಕುಂದರಬಾರದಂತ ಆಕಿ ನಿಂತ್ಲು, ನಾ ಕುಂತೆ. ನಾ ತೋರಿಸಿದ್ದೂ ಆಕಿ ನೋವ. ಪೇಶಂಟ್ ಆಕಿರಿ, ನೀವ ಹೊರಗ ಕಳಿಸಿದ್ರಲ್ಲ!"